ಮುಂಬೈಗೆ ಬರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಮೊದಲ ಸಲ ಮುಂಬೈಗೆ ಬರುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ.

ಮತ್ಸ್ಯಗಂಧ ರೈಲಿನಲ್ಲಿ ಬರುವವರು ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲಿ ಇಳಿಯುತ್ತೀರಿ. ಹತ್ತಿರದಲ್ಲೇ ತಿಲಕ್ ನಗರ ಸ್ಟೇಷನ್ ಇದೆ. ಅಲ್ಲಿಂದ ಹಾರ್ಬರ್ ಲೈನಿನ ಲೋಕಲ್ ಹಿಡಿದರೆ ನೇರ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್). ಆದರೆ ಬೆಳಿಗ್ಗೆ 8ರಿಂದ 11, ಸಂಜೆ 5ರಿಂದ 9ರವರೆಗೆ ಸಾಮಾನು ಹೊತ್ತು ಲೋಕಲ್ ಹತ್ತಲೇಬೇಡಿ. ಮಕ್ಕಳು, ವಯಸ್ಸಾದವರು ಜೊತೆಗಿದ್ದರಂತೂ ಟ್ಯಾಕ್ಸಿಯೇ ಸರಿ. ಸಾಯನ್, ಮಾಹಿಂ ದಾಟಿ ದಕ್ಷಿಣಕ್ಕೆ ಆಟೋ ಬರುವುದಿಲ್ಲ, ಸುಮ್ನೆ ಕಾಯಬೇಡಿ.

ಸಿಎಸ್‌ಎಂಟಿ ಕಟ್ಟಡವನ್ನು ಎದುರಿನ ರಸ್ತೆಯಿಂದ ನಿಂತು ನೋಡಿ. ರಾತ್ರಿ ದೀಪ ಹಾಕಿದಾಗ ಇನ್ನೂ ಚೆಂದ. 1853ರಲ್ಲಿ ದೇಶದ ಮೊದಲ ಪ್ರಯಾಣಿಕರ ರೈಲು ಠಾಣೆಗೆ ಹೊರಟಿದ್ದು ಇದೇ ಜಾಗದ ಹಳೇ ನಿಲ್ದಾಣ ಬೋರಿಬಂದರಿನಿಂದ.

ಗೇಟ್‌ವೇ ಆಫ್ ಇಂಡಿಯಾದಿಂದ ಎಲಿಫೆಂಟಾ ಗುಹೆಗಳಿರುವ ದ್ವೀಪಕ್ಕೆ ದೋಣಿಯಲ್ಲಿ ಸುಮಾರು ಒಂದು ಗಂಟೆ. ಸೋಮವಾರ ಗುಹೆಗಳಿಗೆ ರಜೆ. ಮಳೆಗಾಲದಲ್ಲಿ ಕಡಲು ಜೋರಾಗಿದ್ದರೆ ದೋಣಿ ಬಿಡುವುದಿಲ್ಲ. ನನ್ನ ಕೇಳಿದರೆ ಗುಹೆಯಷ್ಟೇ ಆ ದೋಣಿ ಪ್ರಯಾಣವೂ ಮುಖ್ಯ. ಲಂಗರು ಹಾಕಿದ ಹಡಗುಗಳ ನಡುವೆ ಹೋಗುವಾಗಲೇ ಇದು ಬಂದರಿನ ಊರು ಅಂತ ನಿಜವಾಗಿ ಗೊತ್ತಾಗುವುದು. ಮೀನು ವ್ಯಾಪಾರ ನೋಡುವ ಆಸೆ ಇದ್ದರೆ ಬೆಳಗಿನ ಜಾವವೇ ಸಸೂನ್ ಡಾಕ್‌ಗೆ ಹೋಗಿ. 1875ರ ಹಳೇ ಡಾಕ್ ಅದು. ನೆಲ ಒದ್ದೆ ಇರುತ್ತದೆ, ಜಾರದ ಚಪ್ಪಲಿ ಹಾಕಿಕೊಳ್ಳಿ.

ನಮ್ಮ ಕಡೆ ಊಟ ಬೇಕೆನಿಸಿದರೆ ಮಾಟುಂಗಾಕ್ಕೆ ಬನ್ನಿ. ಇಡ್ಲಿ, ಫಿಲ್ಟರ್ ಕಾಫಿ, ಜೊತೆಗೆ ಕನ್ನಡ ಮಾತು, ಎಲ್ಲವೂ ಸಿಗುತ್ತದೆ.

ಬರುವ ದಿನ, ಇಳಿಯುವ ಸ್ಟೇಷನ್ ಎರಡನ್ನೂ ಗುಂಪಿನಲ್ಲಿ ಮೊದಲೇ ತಿಳಿಸಿ.