ಸಂಪಾದಕಿಯ ಮಾತು: ನೀರು ಇಳಿದ ಮೇಲೆ

ಎಲ್ಲರಿಗೂ ಶ್ರಾವಣದ ನಮಸ್ಕಾರ.

ಈಗ ರಾತ್ರಿ ಹನ್ನೊಂದೂವರೆ. ಬೆಳಿಗ್ಗೆ ಎಂಟಕ್ಕೆ ಸುದ್ದಿಪತ್ರ ಪ್ರೆಸ್ಸಿಗೆ ಹೋಗಬೇಕು. ಈ ಪುಟಕ್ಕೆ ಪಂಚಮಿ ಉಂಡಿಗಳ ಬಗ್ಗೆ ಬರೆಯೋಣ ಅಂತಿದ್ದೆ, ಅರ್ಧ ಬರೆದೂ ಆಗಿತ್ತು. ಸಂಜೆ ಮಗಳು ಶಾಲೆಯ ಪ್ರಾಜೆಕ್ಟ್ ತಂದು ಮುಂದಿಟ್ಟಳು. 2022ರ ಅಕ್ಟೋಬರಿನಲ್ಲಿ ಇಲ್ಲೇ, ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ, ರೋಚೆಸ್ಟರ್, ಶೆಪ್ಪರ್ಟನ್ ಕಡೆ ನೀರು ನುಗ್ಗಿತ್ತಲ್ವಾ, ಅದರ ಚಿತ್ರ. ಕಿತ್ತಳೆ ಬಣ್ಣದ ಬಟ್ಟೆ ತೊಟ್ಟವರು, ದೋಣಿ, ಹೆಲಿಕಾಪ್ಟರ್, ಮನೆಯ ಮೇಲೆ ಹತ್ತಿ ಕೂತ ಒಂದು ನಾಯಿ. ಚೆಂದ ಬಿಡಿಸಿದ್ದಳು. ಆಮೇಲೆ ಕೇಳಿದಳು: "ಅಮ್ಮ, ನೀರು ಹೋದ ಮೇಲೆ ಅವರೆಲ್ಲ ಏನು ಮಾಡ್ತಾರೆ? ನಾನು ನೋಡಿದ ವಿಡಿಯೋ ಅಲ್ಲಿಗೇ ಮುಗಿದುಹೋಯ್ತು."

ಉಂಡಿ ಮುಂದಿನ ವರ್ಷಕ್ಕಿರಲಿ.

ನೀರು ಹೋದ ಮೇಲೆ ಏನಾಗುತ್ತದೆ ಅನ್ನುವುದನ್ನು ಅವಳೂ ಕಂಡಿದ್ದಾಳೆ. ಆಗ ಎರಡು ವರ್ಷದ ಕೂಸು, ನೆನಪಿಲ್ಲ ಅಷ್ಟೇ. 2019ರ ಪಂಚಮಿಗೆ ನಾವಿಬ್ಬರೂ ತವರಿನಲ್ಲಿದ್ದೆವು. ಗದಗ ಜಿಲ್ಲೆ, ರೋಣ ತಾಲ್ಲೂಕು, ಹೊಳೆಆಲೂರಿನ ಹತ್ತಿರ ಮಲಪ್ರಭೆ ದಂಡೆಯ ಊರು. ಆ ವರ್ಷ ಪಂಚಮಿ ಆಗಸ್ಟ್ 5ಕ್ಕೆ ಬಂದಿತ್ತು. ಕೊಟ್ಟ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದಿದ್ದರು. ರೊಟ್ಟಿ ಪಂಚಮಿ ದಿನ ಮನೆಮನೆಗೆ ರೊಟ್ಟಿ, ಪಲ್ಯ ಹಂಚಿ ಬಂದಿದ್ದೆವು. ಜುಲೈ ತನಕ ಬರ, ಹೊಳೆ ಬತ್ತಿತ್ತು. ನಮ್ಮಲ್ಲಿ ಅಂಥ ಮಳೆಯೂ ಇರಲಿಲ್ಲ. ಆದರೆ ಮಲಪ್ರಭೆ ಹುಟ್ಟುವುದು ಖಾನಾಪುರದ ಕಣಕುಂಬಿಯಲ್ಲಿ. ಅಲ್ಲಿ ಸುರಿದ ಮಳೆಗೆ ಸವದತ್ತಿಯ ನವಿಲುತೀರ್ಥ ಡ್ಯಾಮ್ ತುಂಬಿತು, ನೀರು ಬಿಟ್ಟರು. ಇತ್ತ ನವಲಗುಂದದ ಕಡೆಯಿಂದ ಬೆಣ್ಣಿಹಳ್ಳವೂ ಉಕ್ಕಿತು. ಬೇವಿನ ಗಿಡಕ್ಕೆ ಕಟ್ಟಿದ ಜೋಕಾಲಿ ಹಗ್ಗ ಇನ್ನೂ ಬಿಚ್ಚಿರಲಿಲ್ಲ. ಅಷ್ಟರಲ್ಲಿ ನೀರು ಊರ ಅಗಸಿ ಬಾಗಿಲ ಒಳಗೆ ಬಂತು.

ನಮ್ಮವರಿಗೆ 2009 ಮರೆತಿರಲಿಲ್ಲ. ಆ ವರ್ಷದ ನೆರೆಗೆ ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ಸತ್ತಿದ್ದರು. ಹಾಗಾಗಿ ಈ ಸಲ ಯಾರೂ ನೋಡೋಣ ಅಂತ ಕೂರಲಿಲ್ಲ. ದನ ಬಿಚ್ಚಿದರು, ಮುದುಕರನ್ನು ಟ್ರ್ಯಾಕ್ಟರ್ ಹತ್ತಿಸಿದರು. ಅವ್ವ ಬಂಗಾರ, ಆಧಾರ್ ಕಾರ್ಡು ಕಟ್ಟಿಕೊಂಡಳು. ನಮ್ಮ ಕಾಕಿ (ಚಿಕ್ಕಮ್ಮ) ಮಾತ್ರ ಒಂದು ನೋಟ್‌ಬುಕ್ಕನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. ಅದು ಸ್ತ್ರೀಶಕ್ತಿ ಸಂಘದ ಲೆಕ್ಕದ ಪುಸ್ತಕ. ಯಾರು ಎಷ್ಟು ಉಳಿತಾಯ ಕಟ್ಟಿದ್ದಾರೆ, ಯಾರ ಸಾಲ ಎಷ್ಟು ಬಾಕಿ, ಎಲ್ಲ ಅದರಲ್ಲೇ. "ಮನಿ ಬಿದ್ರ ಕಟ್ಟಬಹುದವ್ವಾ, ಲೆಕ್ಕ ತೊಯ್ದ್ರ ಮಂದಿ ಮಂದಿ ನಡುವ ಬೀಳ್ತತಿ" ಅಂದಳು. ನನಗೆ ಆಗ ಅದು ಅರ್ಥ ಆಗಲಿಲ್ಲ.

ಗಂಜಿ ಕೇಂದ್ರ ಅಂದರೆ ಒಂದು ಶಾಲೆ. ಅನ್ನ ಸಾರು ಕೊಟ್ಟರು, ಪುಣ್ಯ ಬರಲಿ ಅವರಿಗೆ. ಆದರೆ ರೊಟ್ಟಿ ತಿಂದು ಬೆಳೆದ ಹೊಟ್ಟೆ. ಮೂರನೇ ದಿನಕ್ಕೆ ಮುದುಕರು ತಟ್ಟೆ ಪಕ್ಕಕ್ಕಿಡತೊಡಗಿದರು. ಅಷ್ಟರಲ್ಲಿ ಗದಗ, ಹುಬ್ಬಳ್ಳಿ ಕಡೆಯ ಮನೆಗಳಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಗಂಟುಕಟ್ಟಿ ಬರತೊಡಗಿತು. ಹಿಂದಿನ ವರ್ಷ ಕೊಡಗಿನಲ್ಲಿ ಗುಡ್ಡ ಕುಸಿದಾಗ ಇದೇ ಸೀಮೆಯ ಹೆಣ್ಣುಮಕ್ಕಳು ರೊಟ್ಟಿ ಬಡಿದು ಅಲ್ಲಿಗೆ ಕಳಿಸಿದ್ದರು. ಈಗ ನಮಗೇ ಬಂದ ರೊಟ್ಟಿ ಸದ್ದು ಮಾಡುತ್ತಾ ಮುರಿದಾಗ ಶಾಲೆಯ ಆ ಕೋಣೆಯಲ್ಲಿ ಒಬ್ಬರೂ ಮಾತಾಡಲಿಲ್ಲ.

ಬಟ್ಟೆಯೂ ಬಂತು. ಎರಡು ಲಾರಿ. ಜೀನ್ಸ್, ಸ್ವೆಟರ್, ಗುಂಡಿ ಇಲ್ಲದ ಅಂಗಿ. ಸೀರೆ ಇದ್ದವು, ಜಂಪರ್ ಇಲ್ಲ, ಲಂಗ ಇಲ್ಲ. ಮೈಮೇಲಿದ್ದ ಒದ್ದೆ ಲಂಗದಲ್ಲೇ ಮೂರು ದಿನ ಕಳೆದವರಿದ್ದರು. ಮುಟ್ಟಾದವರ ಪಾಡು ಕೇಳಬೇಡಿ. ಮೈಕ್ ಹಿಡಿದು "ಏನು ಬೇಕು ಹೇಳಿ" ಅಂದರೆ ಯಾವ ಹೆಣ್ಣುಮಗಳು ಬಾಯಿ ಬಿಡುತ್ತಾಳೆ? ಕಾಕಿ ಸಂಘದ ಪುಸ್ತಕದ ಕೊನೆಯ ಹಾಳೆ ತೆಗೆದಳು. ಒಬ್ಬೊಬ್ಬರ ಪಕ್ಕ ಹೋಗಿ ಕೂತು, ಮೆಲ್ಲಗೆ ಕೇಳಿ ಬರೆದಳು. ಲಂಗ 43. ಮುಟ್ಟಿನ ಬಟ್ಟೆ. ಬ್ಯಾಟರಿ, ಯಾಕಂದ್ರೆ ರಾತ್ರಿ ಬಯಲಿಗೆ ಹೋಗಬೇಕು, ಹಾವಿನ ಭಯ. ರೊಟ್ಟಿ ಹಂಚು. ಕೊಡ. ಬಿಪಿ ಮಾತ್ರೆ, ಯಾರಿಗೆ ಯಾವುದು ಅಂತ. ಆ ಹಾಳೆಯ ಫೋಟೋ ತೆಗೆದು ನಾನು ಗದಗದ ಗೆಳತಿಯರಿಗೆ ಕಳಿಸಿದೆ. ಮಾರನೇ ದಿನ ಸಂಜೆಗೆ ಎಲ್ಲವೂ ಬಂತು. ಎರಡು ಲಾರಿ ಬಟ್ಟೆ ಮಾಡಲಾಗದ್ದನ್ನು ಒಂದು ಹಾಳೆ ಮಾಡಿತು.

ಊರಿಗೆ ವಾಪಸ್ ಹೋದಾಗ ಮೊಣಕಾಲು ಮಟ್ಟ ಎರಿ ಮಣ್ಣಿನ ರಾಡಿ. ನೀರು ಕುಡಿದ ಜೋಳ ಉಬ್ಬಿ ಚೀಲ ಹರಿದಿತ್ತು, ಹೊಲಿಗೆಯ ಸಂದಿನಲ್ಲಿ ಬೆಳ್ಳನೆ ಮೊಳಕೆ. ಆ ವಾಸನೆ ಈಗಲೂ ಮೂಗಿನಲ್ಲಿದೆ. ಅವ್ವ ಆ ಚೀಲದ ಮೇಲೆ ಕೈಯಿಟ್ಟು ಒಂದು ಗಳಿಗೆ ನಿಂತಳು. ಆಮೇಲೆ ಸೆರಗು ಸಿಕ್ಕಿಸಿ ಸಲಿಕೆ ಹಿಡಿದಳು.

ಮಣ್ಣಿನ ಗೋಡೆಯ ಗುಣ ಊರಿನವರಿಗೆ ಗೊತ್ತು. ನೀರಿನಲ್ಲಿದ್ದಾಗ ನಿಂತಿರುತ್ತದೆ, ಬಿಸಿಲು ಬಿದ್ದು ಒಣಗುವಾಗ ಕುಸಿಯುತ್ತದೆ. ಸರ್ವೆಗೆ ಬಂದವರು ನಿಂತಿದ್ದ ಗೋಡೆ ನೋಡಿ ಬರೆದುಕೊಂಡು ಹೋದರು. ನಾಲ್ಕು ದಿನಕ್ಕೆ ಗೋಡೆ ಮಲಗಿತು. ಸರ್ಕಾರ ನೆರೆಗೆ ಸಿಕ್ಕ ಮನೆಗೆ ಮೊದಲು 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಅಂದಿತ್ತು. ಆದರೆ ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ? ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ ಇದ್ದ ಒಬ್ಬ ವಿಧವೆಯ ಹೆಸರಿಗೆ ಮನೆ, ಜಾಗದ ಯಾವ ಉತಾರವೂ ಇರಲಿಲ್ಲ. ಸಂಘದ ಹತ್ತು ಹೆಂಗಸರು ದಿನಾ ರಾಡಿ ತೊಳೆದು, ಮಧ್ಯಾಹ್ನ ಪಂಚಾಯ್ತಿ ಕಟ್ಟೆಗೆ ಹೋಗಿ ಕೂರುತ್ತಿದ್ದರು. ಜಗಳ ಇಲ್ಲ, ಘೋಷಣೆ ಇಲ್ಲ. "ಅಕಿ ಹೆಸರು ಬರೀರಿ, ನಾವು ಹೋಗ್ತೀವಿ." ಒಂಬತ್ತನೇ ದಿನ ಬರೆದರು. ಅದೇ ವಾರ ಸಂಘ ಸೇರಿ, ದೀಪಾವಳಿ ತನಕ ಯಾರೂ ಕಂತು ಕಟ್ಟುವುದು ಬೇಡ, ಬಡ್ಡಿಯೂ ಬೇಡ ಅಂತ ಪುಸ್ತಕದಲ್ಲಿ ಬರೆದುಕೊಂಡಿತು. ಕಾಕಿ ಹೇಳಿದ ಮಾತು ನನಗೆ ಆವತ್ತು ಅರ್ಥ ಆಯಿತು. ಲೆಕ್ಕ ಉಳಿದಿದ್ದಕ್ಕೇ ಯಾರೂ ಯಾರನ್ನೂ ಅನುಮಾನಿಸಲಿಲ್ಲ. ಕೆಲವರು ಉಳಿತಾಯದ ದುಡ್ಡಿನಲ್ಲೇ ಮತ್ತೆ ಆಡು, ಹೊಲಿಗೆ ಮಿಷನ್ ತಗೊಂಡರು. ಏಷ್ಯಾದ ಮೊದಲ ಕೃಷಿ ಸಹಕಾರ ಸಂಘ ಅಂತ ಹೆಸರಾದದ್ದು 1905ರಲ್ಲಿ ಹುಟ್ಟಿದ್ದು ನಮ್ಮ ಗದಗ ಪಕ್ಕದ ಕಣಗಿನಹಾಳದಲ್ಲೇ. ಆ ಮಣ್ಣಿನ ರೂಢಿ ಹೆಣ್ಣುಮಕ್ಕಳ ಕೈಯಲ್ಲಿ ಇನ್ನೂ ಗಟ್ಟಿಯಾಗಿದೆ.

ಹಾಗಂತ ನಮ್ಮ ಹೆಣ್ಣುಮಕ್ಕಳು ಗಟ್ಟಿಗಿತ್ತಿಯರು ಅಂತ ಹೊಗಳಿ ಎಲ್ಲವನ್ನೂ ಅವರ ತಲೆಗೇ ಹೊರಿಸುವುದು ನನಗೆ ಸರಿ ಕಾಣುವುದಿಲ್ಲ. ಆ ತಿಂಗಳು ಎತ್ತಿದ ರಾಡಿಗೆ ಅವ್ವನ ಸೊಂಟ ಹೋದದ್ದು ಇವತ್ತಿಗೂ ಸರಿಹೋಗಿಲ್ಲ. ದುಡಿಯುವಾಗ ಅವರು ಬೇಕು, ಮಾತು ಕೇಳುವಾಗ ಬೇಡ. 2009ರ ನಂತರ ನೆರೆಗೆ ಮನೆ ಕಳೆದುಕೊಂಡವರಿಗೆ ಅಂತ ಆಸರೆ ಯೋಜನೆಯಲ್ಲಿ ಕಟ್ಟಿದ ಎಷ್ಟೋ ಮನೆಗಳು ಖಾಲಿ ಉಳಿದದ್ದು ಯಾಕೆ? ಹೊಲ ದೂರ, ಕೋಣೆ ಸಣ್ಣವು, ದನಕ್ಕೆ ಜಾಗ ಇಲ್ಲ. "ಎಮ್ಮಿ ಎಲ್ಲಿ ಕಟ್ಟಲಿ, ಕುಳ್ಳು ಎಲ್ಲಿ ಒಟ್ಟಲಿ?" ಅಂತ ಕಾಕಿ ಒಂದೇ ಸಾಲಿನಲ್ಲಿ ಹೇಳಿಬಿಡುತ್ತಾಳೆ. ನಕ್ಷೆ ಬರೆಯುವ ಮುಂಚೆ ಅವಳಂಥವರನ್ನು ಕೇಳಿದ್ದರೆ ಸಾಕಿತ್ತು.

ಇದನ್ನೆಲ್ಲ ಬರೆದದ್ದಕ್ಕೆ ಕಾರಣ ಇದೆ. ಇಲ್ಲಿನ ನಮ್ಮ ಕನ್ನಡ ಸಂಘದಲ್ಲಿ ಊರ ಕಡೆಯ ನೆರೆ, ಬರಕ್ಕೆ ಅಂತ ಒಂದು ಸಣ್ಣ ನಿಧಿ ಇದೆ. ದಯವಿಟ್ಟು ಇನ್ನು ಹಳೇ ಬಟ್ಟೆ ಸಂಗ್ರಹ ಬೇಡ. ದುಡ್ಡು ಕೊಡೋಣ. ಏನು ಬೇಕು ಅಂತ ಆ ಊರಿನ ಹೆಣ್ಣುಮಕ್ಕಳ ಸಂಘವನ್ನೇ ಮೊದಲು ಕೇಳಿ ಕಳಿಸೋಣ. ನಿಮ್ಮ ತವರಿನಲ್ಲಿ ಲೆಕ್ಕದ ಪುಸ್ತಕ ಹಿಡಿದ ಅಕ್ಕನೋ ಕಾಕಿಯೋ ಇದ್ದೇ ಇರುತ್ತಾರೆ. ಅವರ ಜೊತೆ ಫೋನಿನಲ್ಲಿ ಮಾತಾಡಿ ಪಟ್ಟಿ ಮಾಡಲು ನಾಲ್ಕು ಜನ ಬೇಕು. ನಾನೊಬ್ಬಳೇ ಈ ಪತ್ರವನ್ನೂ ಅದನ್ನೂ ಮಾಡಲು ಆಗುತ್ತಿಲ್ಲ. ನಿಜವಾಗಿ ಹೇಳುತ್ತಿದ್ದೇನೆ.

ಇನ್ನು ಸೂಚನೆಗಳು, ಜಾಗ ಕಡಿಮೆ. ಗಣೇಶನ ಹಬ್ಬ ಈ ತಿಂಗಳ ಕೊನೆಯ ಶನಿವಾರ, ಎಂದಿನ ಹಾಲ್, ಬೆಳಿಗ್ಗೆ ಹತ್ತಕ್ಕೆ ಪೂಜೆ. ಕನ್ನಡ ತರಗತಿ ಬರುವ ಭಾನುವಾರ ಮತ್ತೆ ಶುರು, ಮಕ್ಕಳ ಜೊತೆ ಸ್ಲೇಟು ಕಳಿಸಿ. ರಾಜ್ಯೋತ್ಸವದ ನಾಟಕಕ್ಕೆ ಇನ್ನೂ ಮೂವರು ಗಂಡಸರು ಬೇಕು. ಎಂಟು ವರ್ಷ ನಮ್ಮ ಖಜಾಂಚಿಯಾಗಿದ್ದ ಅಕ್ಕ ಅಕ್ಟೋಬರಿನಲ್ಲಿ ಕಾಯಂ ಆಗಿ ಧಾರವಾಡಕ್ಕೆ ಹೊರಟಿದ್ದಾರೆ. ಒಂದು ಡಾಲರ್ ಕೂಡ ಆಚೀಚೆ ಆಗದ ಹಾಗೆ ನೋಡಿಕೊಂಡವರು. ಅವರ ಪುಸ್ತಕ ತಗೊಳ್ಳಲು ಇದುವರೆಗೆ ಯಾರೂ ಮುಂದೆ ಬಂದಿಲ್ಲ.

ಹಬ್ಬದ ದಿನ ನಿಧಿಗಾಗಿ ರೊಟ್ಟಿ ಅಂಗಡಿ ಹಾಕುತ್ತಿದ್ದೇವೆ. ಹಿಂದಿನ ದಿನ, ಶುಕ್ರವಾರ ಸಂಜೆ ಆರರಿಂದ ನಮ್ಮ ಮನೆಯಲ್ಲಿ ಬಡಿಯುವುದು. ಜೋಳದ ಹಿಟ್ಟು 20 ಕೆಜಿ ತಂದಿಟ್ಟಿದ್ದೇನೆ. ಹಂಚು ಎರಡೇ ಇವೆ. ಇದ್ದವರು ತನ್ನಿ. ಬಡಿಯಲು ಬಾರದವರೂ ಬನ್ನಿ, ಒಣಗಿಸಲು, ಎಣಿಸಿ ಕಟ್ಟಲು ಕೈ ಬೇಕು. ಗಂಡಸರಿಗೂ ಸೇರಿಸಿಯೇ ಹೇಳುತ್ತಿದ್ದೇನೆ. ಮಗಳ ಚಿತ್ರ ಕೊನೆಯ ಪುಟದಲ್ಲಿದೆ. ಹೆಲಿಕಾಪ್ಟರಿನ ಕೆಳಗೆ, ಹಸಿರು ಸೀರೆಯಲ್ಲಿ, ಸೊಂಟಕ್ಕೆ ಪುಸ್ತಕ ಸಿಕ್ಕಿಸಿಕೊಂಡು ನಿಂತವಳು ಅವಳ ಅಜ್ಜಿ, ನಮ್ಮ ಕಾಕಿ.