ಒಂದೇ ಜೀವಕೋಶದ ಲೆಕ್ಕ

ಸ್ಟಾಕ್‌ಹೋಮ್

ಪ್ರೀತಿಯ ಅಪ್ಪನಿಗೆ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಕಣ್ಣಿಗೇ ಕಾಣದ್ದನ್ನು ಹೇಗೆ ಅಳೀತೀಯ ಅಂತ ಫೋನಿನಲ್ಲಿ ಕೇಳಿದ್ದಿರಿ. ಅದು ಫೋನಿನಲ್ಲಿ ಮುಗಿಯುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮೈಯ ಜೀವಕೋಶಗಳಲ್ಲೆಲ್ಲ ಹೆಚ್ಚುಕಡಿಮೆ ಒಂದೇ ಡಿಎನ್‌ಎ. ಆದರೂ ಲಿವರಿನದು ಒಂದು ಕೆಲಸ, ಕಣ್ಣಿನದು ಇನ್ನೊಂದು. ಜೀನ್ ಕೆಲಸಕ್ಕಿಳಿದಾಗ ಅದರಿಂದ ತಯಾರಾಗುವ ನಕಲೇ ಆರ್‌ಎನ್‌ಎ. ಎಲ್ಲಿ ಯಾವ ಜೀನ್ ಕೆಲಸದಲ್ಲಿದೆ ಅನ್ನುವುದು ಅದನ್ನು ನೋಡಿದರೆ ತಿಳಿಯುತ್ತದೆ. ನಾನು ಒಂದೊಂದೇ ಜೀವಕೋಶದಲ್ಲಿ ಅಳೆಯುವುದು ಈ ಆರ್‌ಎನ್‌ಎಯನ್ನೇ. ಅದು ಎಷ್ಟಿರುತ್ತದೆ ಗೊತ್ತಾ? ಒಂದು ಗ್ರಾಮನ್ನು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಪಿಕೋಗ್ರಾಂ. ಒಂದು ಜೀವಕೋಶದ ಆರ್‌ಎನ್‌ಎ ಎಲ್ಲ ಸೇರಿ ಸುಮಾರು 10ರಿಂದ 30 ಪಿಕೋಗ್ರಾಂ. ಅದರಲ್ಲಿ ನಮಗೆ ಬೇಕಾದ, ಪ್ರೋಟೀನ್ ಮಾಡುವ ಸಂದೇಶ ಹೊತ್ತ ಎಂಆರ್‌ಎನ್‌ಎ ನೂರಕ್ಕೆ ಐದು ಪಾಲು ಇದ್ದರೆ ಹೆಚ್ಚು.

ಬರಿಗೈ ತಾಕಿದರೆ ಹಾಳು. ಆರ್‌ಎನ್‌ಎಯನ್ನು ತುಂಡರಿಸುವ ಕಿಣ್ವ ನಮ್ಮ ಚರ್ಮದ ಮೇಲೇ ಇರುತ್ತದೆ. ಅದಕ್ಕೇ ಗ್ಲೌಸ್ ಹಾಕಿಕೊಂಡು, ಪ್ಲೇಟನ್ನು ಐಸ್ ಮೇಲಿಟ್ಟುಕೊಂಡು ಕೂರುತ್ತೇನೆ. ಅಂಗೈ ಅಗಲದ ಪ್ಲೇಟಿನಲ್ಲಿ 384 ಗುಳಿ. ಯಂತ್ರ ಗುಳಿಗೊಂದರಂತೆ ಜೀವಕೋಶ ಬಿಡುತ್ತದೆ.

ಆರ್‌ಎನ್‌ಎ ಇಷ್ಟು ಕಡಿಮೆ ಇದ್ದರೆ ಯಂತ್ರಕ್ಕೆ ಓದಲಾಗುವುದಿಲ್ಲ. ಆರ್‌ಎನ್‌ಎಯಿಂದ ಡಿಎನ್‌ಎ ಮಾಡಿ, ಪಿಸಿಆರ್ ಎಂಬ, ಡಿಎನ್‌ಎಯನ್ನು ಮತ್ತೆ ಮತ್ತೆ ನಕಲು ಮಾಡುವ ವಿಧಾನದಲ್ಲಿ ಕಾಪಿ ತೆಗೆಯಬೇಕು. ತೊಂದರೆ ಅಲ್ಲೇ. ಒಂದರ ಕಾಪಿ ಜಾಸ್ತಿ ಆಗುತ್ತದೆ, ಇನ್ನೊಂದರದು ಕಡಿಮೆ. ಹಾಗಾಗಿ ಕಾಪಿಗೆ ಮೊದಲೇ ಒಂದೊಂದು ಅಣುವಿಗೂ ಬೇರೆ ಬೇರೆ ಗುರುತು ಅಂಟಿಸುತ್ತೇವೆ. ಕೊನೆಗೆ ಆ ಗುರುತುಗಳನ್ನು ಎಣಿಸಿದರೆ ಆಯಿತು. ಒಂದೊಂದೇ ಜೀವಕೋಶದಲ್ಲಿ ಹೀಗೆ ಎಣಿಸಬಹುದೆಂದು 2014ರಲ್ಲಿ ತೋರಿಸಿದ್ದು ಇದೇ ಊರಿನ ಕರೋಲಿನ್‌ಸ್ಕಾ ಸಂಸ್ಥೆಯ ಸ್ಟೆನ್ ಲಿನ್ನಾರ್ಸನ್ ತಂಡ. ಈ ವಿದ್ಯೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು.

ಆದರೂ ಎಷ್ಟೋ ಅಣುಗಳು ಕೈತಪ್ಪುತ್ತವೆ. ಸೊನ್ನೆ ಬಂತು ಅಂದರೆ ಅಲ್ಲಿ ಏನೂ ಇರಲಿಲ್ಲ ಅಂತ ಹೇಳುವ ಹಾಗಿಲ್ಲ.

ಇಷ್ಟೆಲ್ಲ ಯಾಕೆ ಅಂತೀರಾ? ಲಕ್ಷಗಟ್ಟಲೆ ಜೀವಕೋಶಗಳನ್ನು ಒಟ್ಟಿಗೆ ಅರೆದು ಅಳೆದರೆ ಸಿಗುವುದು ಸರಾಸರಿ. ಇಡೀ ಊರಿಗೆ ಒಂದೇ ಕರೆಂಟ್ ಬಿಲ್ ಬಂದ ಹಾಗೆ. ಸಿಸ್ಟಿಕ್ ಫೈಬ್ರೋಸಿಸ್ ಅಂತ ಒಂದು ಕಾಯಿಲೆ. ಮಕ್ಕಳಿಗೆ ಹುಟ್ಟಿನಿಂದಲೇ ಬರುತ್ತದೆ, ಶ್ವಾಸಕೋಶದಲ್ಲಿ ಗಟ್ಟಿ ಕಫ ಕಟ್ಟುತ್ತದೆ. ಅದಕ್ಕೆ ಕಾರಣವಾದ ಜೀನ್ 1989ರಲ್ಲೇ ಸಿಕ್ಕಿತ್ತು. ಆ ಜೀನನ್ನು ವಿಪರೀತ ಬಳಸುವ ಐಯಾನೊಸೈಟ್ ಎಂಬ ಜೀವಕೋಶ ಶ್ವಾಸನಾಳದಲ್ಲಿದೆ ಅಂತ ಗೊತ್ತಾಗಿದ್ದು ಮಾತ್ರ 2018ರಲ್ಲಿ, ಒಂದೊಂದನ್ನೇ ಅಳೆದಾಗ. ನೂರಕ್ಕೆ ಒಂದೋ, ಅದಕ್ಕಿಂತ ಕಡಿಮೆಯೋ ಇರುತ್ತವೆ. ಸರಾಸರಿಯಲ್ಲಿ ಅವು ಹೇಗೆ ತಾನೇ ಕಾಣಬೇಕು, ಅಲ್ವಾ?

ಅಮ್ಮನಿಗೂ ಓದಿ ಹೇಳಿ. ಅಜ್ಜಿಯ ಮಂಡಿನೋವು ಹೇಗಿದೆ ಅಂತ ಮರೆಯದೆ ಬರೆಯಿರಿ.

ಇಂತಿ ನಿಮ್ಮ ಮಗಳು,
ಸುಮಾ