ಉದಾರವಾದದ ಬಗ್ಗೆ ತಮ್ಮನಿಗೆ

ಮ್ಯಾಂಚೆಸ್ಟರ್

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದ. ಅಪ್ಪ, ಅವ್ವನಿಗೆ ನಮಸ್ಕಾರ ಹೇಳು.

ಸರ್ಕಾರದ ಕೈ ಗಿಡ್ಡ ಇರಲಿ ಎನ್ನುವುದೇ ಉದಾರವಾದ ಎಂದು ನಿನ್ನ ರಾಜ್ಯಶಾಸ್ತ್ರದ ನೋಟ್ಸು ಹೇಳುತ್ತದೆ. ಅಮೆರಿಕದ ಸುದ್ದಿಯಲ್ಲಿ ಸರ್ಕಾರ ಹೆಚ್ಚು ಖರ್ಚು ಮಾಡಲಿ ಎನ್ನುವವರನ್ನೇ ಲಿಬರಲ್, ಅಂದರೆ ಉದಾರವಾದಿ, ಅಂತಾರೆ. ಯಾವುದು ಸರಿ ಎಂದು ಕೇಳಿದ್ದೀ. ಎರಡೂ ಸರಿ. ಆ ಪದ ಕಂಡಾಗ ಮೊದಲು ಇಸವಿ ನೋಡು, ಆಮೇಲೆ ದೇಶ ನೋಡು, ನಂತರ ಕೇಳಿಕೋ: ಮನುಷ್ಯನ ಕಾಲಿಗೆ ತೊಡರುವುದು ಯಾವುದು ಅಂತಾರೆ ಇವರು?

ಲ್ಯಾಟಿನ್ ಮೂಲದಲ್ಲಿ ‘ಲಿಬರಲ್’ ಎಂದರೆ ಕೈಬಿಚ್ಚಿ ಕೊಡುವವನ ಗುಣ, ನಮ್ಮ ‘ಉದಾರಿ’ ಇದ್ದಂತೆ. ರಾಜಕೀಯ ಪಂಗಡದ ಹೆಸರಾದದ್ದು ಸ್ಪೇನಿನ ಕಾದಿಸ್‌ನಲ್ಲಿ, 1812ರ ಸಂವಿಧಾನ ಬರೆದ ಸಭೆಯ ಕಾಲಕ್ಕೆ. ಹಾಗಾಗಿ 1689ರ ಇಂಗ್ಲಿಷ್ ತತ್ತ್ವಜ್ಞಾನಿ ಜಾನ್ ಲಾಕ್‌ನನ್ನು ಉದಾರವಾದಿ ಎನ್ನುವಾಗ ಆ ಹೆಸರು ಆಮೇಲೆ ಬಂದವರು ಇಟ್ಟದ್ದು ಎಂದು ನಿನ್ನ ಬರಹದಲ್ಲಿ ಒಂದು ಸಾಲು ಸೇರಿಸು. ಅವನ ಕಣ್ಣಿಗೆ ತೊಡಕು ನಿರಂಕುಶ ರಾಜ.

ಇಲ್ಲಿ ಪೀಟರ್ ಸ್ಟ್ರೀಟಿನಲ್ಲಿ ಫ್ರೀ ಟ್ರೇಡ್ ಹಾಲ್ ಇದೆ, 1850ರ ದಶಕದ ಕಟ್ಟಡ. ಮುಂಭಾಗದ ಕಲ್ಲಿನ ಕಮಾನುಗಳು ಹಾಗೇ ಉಳಿದಿವೆ, ಒಳಗೆ ಈಗ ಹೋಟೆಲು. ಮುಕ್ತ ವ್ಯಾಪಾರದ ಹೆಸರಲ್ಲಿ ಸಭಾಭವನ ಕಟ್ಟಲು ಕಾರಣ ಬ್ರಿಟನ್ನಿನ ಕಾಳಿನ ಕಾಯ್ದೆ (ಕಾರ್ನ್ ಲಾ). 1815ರಲ್ಲಿ ಬಂದ ಆ ಕಾಯ್ದೆ ಪ್ರಕಾರ, ಒಂದು ಕ್ವಾರ್ಟರ್ ಗೋಧಿಗೆ, ಅಂದರೆ ನಮ್ಮ ಎರಡು ಕ್ವಿಂಟಲಿಗಿಂತ ತುಸು ಹೆಚ್ಚಿಗೆ, 80 ಶಿಲ್ಲಿಂಗ್ ಬೆಲೆ ಬರುವ ತನಕ ಹೊರದೇಶದ ಗೋಧಿ ಮಾರುವಂತಿರಲಿಲ್ಲ. ಜಮೀನ್ದಾರರಿಗೆ ಲಾಭ, ಗಿರಣಿ ಕೂಲಿಗೆ ಬ್ರೆಡ್ಡು ತುಟ್ಟಿ. ಮುಕ್ತ ವ್ಯಾಪಾರದ ಪರವಾಗಿದ್ದ ಕಾಬ್ಡನ್, ಬ್ರೈಟ್ ಎಂಬ ರಾಜಕಾರಣಿಗಳು ಇದರ ವಿರುದ್ಧ ಹೋರಾಡಿದರು, 1846ರಲ್ಲಿ ಪ್ರಧಾನಿ ಪೀಲ್ ಸರ್ಕಾರ ಅದನ್ನು ರದ್ದು ಮಾಡಿತು.

ಕಾಕಾನ ಹೊಲದ ತೊಗರಿಗೆ ಇದನ್ನು ಹಾಗೇ ಹೊಂದಿಸಬೇಡ. ಮ್ಯಾನ್ಮಾರ್, ಮೊಜಾಂಬಿಕ್‌ನ ತೊಗರಿ ಸುಂಕವಿಲ್ಲದೆ ಬಂದಾಗ ಬೇಳೆ ಕೊಳ್ಳುವವರಿಗೆ ಹಗುರ ನಿಜ, ಆದರೆ ಪೆಟ್ಟು ಬೀಳುವುದು ಮಳೆ ನಂಬಿ ನಾಲ್ಕೈದು ಎಕರೆ ಬಿತ್ತಿದವನಿಗೆ. ಇಂಗ್ಲೆಂಡಿನಲ್ಲಿ ಪೆಟ್ಟು ತಿಂದವನು ದೊಡ್ಡ ಜಮೀನಿನ ಲಾರ್ಡ್. ಇಷ್ಟು ಅಂತರ ಮರೆತರೆ ವಾದವೇ ಕುಂಟುತ್ತದೆ.

ಮುಂದಿನ ತಿರುವಿನಲ್ಲಿ ಬಹಳ ಜನ ಎಡವುತ್ತಾರೆ. 1881ರ ಉಪನ್ಯಾಸದಲ್ಲಿ ಇಂಗ್ಲಿಷ್ ತತ್ತ್ವಜ್ಞಾನಿ ಟಿ.ಎಚ್. ಗ್ರೀನ್, ಕರಾರಿನ ಸ್ವಾತಂತ್ರ್ಯ ಬರೀ ಸಾಧನ, ತನ್ನ ಬಾಳನ್ನು ಬೆಳೆಸಿಕೊಳ್ಳುವ ಶಕ್ತಿ ಎಲ್ಲರಿಗೂ ಸಿಗುವುದೇ ಗುರಿ ಎಂದ. ತೊಡಕು ಈಗ ಬಡತನ, ಅಜ್ಞಾನ. ಆ ದಾರಿ ಹಿಡಿದ ಬ್ರಿಟನ್ನಿನ ಲಿಬರಲ್ ಪಕ್ಷದ ಸರ್ಕಾರ 1908ರಲ್ಲಿ ಕಾಯ್ದೆ ಮಾಡಿ 70 ತುಂಬಿದ ಬಡ ಮುದುಕರಿಗೆ ವಾರಕ್ಕೆ 5 ಶಿಲ್ಲಿಂಗ್‌ವರೆಗೆ ಪಿಂಚಣಿ ಕೊಟ್ಟಿತು, 1911ರಲ್ಲಿ ರಾಷ್ಟ್ರೀಯ ವಿಮೆ ತಂದಿತು. 1930ರ ದಶಕದಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಅಮೆರಿಕದಲ್ಲಿ ಇದೇ ಅರ್ಥವನ್ನು ಗಟ್ಟಿ ಮಾಡಿದ. ಅರ್ಥಶಾಸ್ತ್ರಜ್ಞ ಹಾಯೆಕ್, ಸರ್ಕಾರದ ಕೈ ಗಿಡ್ಡ ಇರಲಿ ಎನ್ನುವ ಹಳೆಯ ಅರ್ಥ ಬಿಡಲಿಲ್ಲ. ಆಸ್ಟ್ರೇಲಿಯದ ಲಿಬರಲ್ ಪಕ್ಷವಂತೂ ಬಲಪಂಥದ್ದು, ಹೆಸರು ನೋಡಿ ಮೋಸ ಹೋಗಬೇಡ.

ನಮ್ಮ 1991ರ ‘ಉದಾರೀಕರಣ’ ಕಾಬ್ಡನ್‌ನ ಅರ್ಥದ್ದು. ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸವಲತ್ತು ಕೊಡುವ ಸಂವಿಧಾನದ 371(ಜೆ) ವಿಧಿ ಗ್ರೀನ್‌ನ ಅರ್ಥದ್ದು ಎಂದು ನಾನು ಓದುತ್ತೇನೆ. ಯಾದಗಿರಿಯ ಹುಡುಗಿ ಬೆಂಗಳೂರಿನಲ್ಲಿ ಅರ್ಜಿ ಹಾಕದಂತೆ ಯಾವ ಕಾನೂನೂ ತಡೆದಿರಲಿಲ್ಲ. ಆದರೆ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರೇ ಇಲ್ಲದಿದ್ದರೆ ಆ ಮುಕ್ತ ಬಾಗಿಲಿನಿಂದ ಅವಳಿಗೇನು ಬಂತು? ಅದಕ್ಕೇ 2012ರ 98ನೇ ತಿದ್ದುಪಡಿ, ಅದರ ಮೇಲೆ ನಮ್ಮ ಭಾಗದ ಕಾಲೇಜು ಸೀಟಿನಲ್ಲಿ ಶೇ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8 ಮೀಸಲು. ಹುಟ್ಟಿದ ಜಿಲ್ಲೆ ನೋಡಿ ಸೀಟು ಕೊಡಬಾರದು ಎನ್ನುವವರೂ ಉದಾರವಾದದಿಂದಲೇ ಮಾತು ತರುತ್ತಾರೆ. ಅವರ ವಾದವನ್ನೂ ಪೂರ್ತಿ ಬರೆದು, ಆಮೇಲೆ ನಿನ್ನ ಮಾತು ಹೇಳು.

ಕಾಳಿನ ಕಾಯ್ದೆಯ ಭಾಗ ಕಾಕಾಗೆ ಓದಿ ಹೇಳು. ಏನಂದರು ಎಂದು ಬರೆ.

ನಿನ್ನ ಅಕ್ಕ